ನೀರಿನಲ್ಲಿ ಕುಳಿತು ಬಾಯಾರಿದ ಸಸಿಗಳು

ಯಾರ ಮನೆಗೆ ಹೋದರೂ ಅಲ್ಲಿರುವ ಹೂಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡುವುದು ನನಗೆ ಅಂಟಿದ ಚಟ. ಕೆಲವರಿಗೆ ಗೋಡೆಯ ಮೇಲಿನ ಫೋಟೋಗಳಲ್ಲಿ ಯಾರ ಮದುವೆಯಾಗಿದೆ, ಯಾರದಾಗಿಲ್ಲ ಎಂದು ಲೆಕ್ಕ ಹಾಕುವ ಚಟ. ಕೆಲವರಿಗೆ ಅಡುಗೆಮನೆಯ ಕಡೆ ಮೂಗು ತಿರುಗಿಸುವ ಚಟ. ನನಗೆ ಇದು. ಮೊನ್ನೆ ಬೆಳಗಾವಿಯ ಟಿಳಕವಾಡಿಯ ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾದು ಕುಳಿತಿದ್ದಾಗ ಕುರ್ಚಿಯ ಪಕ್ಕದಲ್ಲೇ ಒಂದು ಕುಂಡವಿತ್ತು. ಕೈ ತಾನಾಗಿಯೇ ಹೋಯಿತು. ಬೆರಳು ಎರಡು ಗೆಣ್ಣು ಇಳಿಯುವಷ್ಟರಲ್ಲಿ ಮಣ್ಣು ಪಚಪಚ ಎಂದಿತು. "ಇದಕ್ಕ ಒಂದ್ ವಾರ ನೀರ ತೋರಸಬ್ಯಾಡವ್ವ" ಎಂದು ಅಲ್ಲಿ ಹೆಸರು ಕೂಗುವ ಹುಡುಗಿಗೆ ಹೇಳಿದೆ. ಆಕೆ ನನ್ನ ಬೆರಳನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು.

"ಆಂಟಿ, ಅದು ಪ್ಲಾಸ್ಟಿಕ್ ಗಿಡ ಐತ್ರಿ. ಎಲಿ ಮ್ಯಾಲಿನ ಧೂಳ ಹೋಗ್ಲಿ ಅಂತ ಮುಂಜಾನೆ ತೊಳದೀನಿ."

ಹಲ್ಲು ನೋಯುತ್ತಿದ್ದುದರಿಂದ ನನಗೆ ನಗಲೂ ಆಗಲಿಲ್ಲ. ಆದರೂ ನನ್ನ ಮಾತು ತಪ್ಪಲ್ಲ ಎಂದೇ ಈಗಲೂ ನಂಬಿದ್ದೇನೆ. ಆ ಗಿಡಕ್ಕೆ ನೀರು ಬೇಡವಾಗಿತ್ತು, ಅಷ್ಟೇ ತಾನೆ ನಾನು ಹೇಳಿದ್ದು?

ಕಾಲೇಜಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಎಲೆ, ಹೂವು, ಬೀಜ ಎಲ್ಲ ಕಲಿಸಿದೆನಾದರೂ ನನ್ನ ಮನಸ್ಸು ಕಚ್ಚಿಕೊಂಡದ್ದು ಬೇರಿನ ಪಾಠಕ್ಕೆ. ಅದಕ್ಕೆ ನನ್ನ ತವರಿನ ನಳ ಕಾರಣವಿರಬೇಕು. ನಾನು ಹುಟ್ಟಿ ಬೆಳೆದದ್ದು ಅದೇ ಊರಿನ ಖಾಸಬಾಗದಲ್ಲಿ. ಅಲ್ಲಿ ನಳದಲ್ಲಿ ನೀರು ಬರುವ ದಿನವೆಂದರೆ ಮನೆಮಂದಿಯೆಲ್ಲ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುವ ದಿನ. ನಮ್ಮವ್ವ ಹಂಡೆ, ಕೊಡ, ಬಕೀಟು ಎಲ್ಲ ತುಂಬಿಸಿ, ಆಮೇಲೂ ನಳ ಹರಿಯುತ್ತಿದ್ದರೆ ಚಹದ ಕಪ್ಪುಗಳನ್ನು ಸಾಲಾಗಿ ಇಟ್ಟು ಅವನ್ನೂ ತುಂಬಿಸುತ್ತಿದ್ದಳು. ಒಮ್ಮೆ ಅಪ್ಪ ಕನ್ನಡಕದ ಡಬ್ಬಿ ತೆರೆದರೆ ಅದರಲ್ಲೂ ನೀರಿರಬಹುದು ಎಂದು ನಾವು ಮಕ್ಕಳು ಹೆದರಿದ್ದುಂಟು. ಬಂದಾಗ ಹಿಡಿಯಬೇಕು, ಎಷ್ಟು ಬಂದರೂ ಹಿಡಿಯಬೇಕು ಎಂಬುದು ನಮ್ಮ ಓಣಿಯ ಧರ್ಮವಾಗಿತ್ತು.

ಅಂಥ ಓಣಿಯಿಂದ ಬಂದವಳಿಗೆ ಬೇರಿನ ನಡತೆ ಬೆರಗು ಹುಟ್ಟಿಸದೆ ಇದ್ದೀತೆ? ಬೇರು ದೀಪದ ಬತ್ತಿಯಂತೆ ಸಿಕ್ಕಿದ್ದನ್ನೆಲ್ಲ ಹೀರುವುದಿಲ್ಲ. ಅದರ ಒಳಗೆ ಜೀವಕೋಶಗಳ ಒಂದು ಸುತ್ತುಗೋಡೆ ಇದೆ. ಕೋಶ ಕೋಶಗಳ ನಡುವಿನ ಸಂದಿಗೆ ಮೇಣದಂಥ ಪಟ್ಟಿ ಬಳಿದಿರುತ್ತದೆ, ಹೊರಗಿನ ನೀರು ಸಂದಿಯಲ್ಲಿ ನುಸುಳಿ ಒಳಗೆ ಹೋಗುವಂತಿಲ್ಲ. ಹೋಗಬೇಕಾದರೆ ಜೀವವಿರುವ ಕೋಶದ ಮೂಲಕವೇ ಹೋಗಬೇಕು. ಆ ಕೋಶದ ಪೊರೆಯಲ್ಲಿ ನೀರಿಗೆಂದೇ ಕಣ್ಣಿಗೆ ಕಾಣದ ಕಿಂಡಿಗಳಿವೆ. ಬೆಳಕು ಹರಿದು ಎಲೆಗಳು ಕೆಲಸಕ್ಕೆ ತೊಡಗಿದಾಗ ಬೇರು ಅವನ್ನು ಹೆಚ್ಚು ತೆರೆಯುತ್ತದೆ. ಕಷ್ಟ ಬಂದರೆ ಮುಚ್ಚುತ್ತದೆ. ಇದನ್ನು ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಅಂದ್ರ ಬೇರಿನಾಗ ನೀರ ಬಿಡೂ ವಾಲ್ವ್‌ಮನ್ ಇರ್ತಾನ್ರಿ ಮೇಡಂ?" ಎಂದು ಕೇಳಿದ್ದಳು. ಹೌದು ಎಂದೆ. "ನಮ್ಮ ಓಣಿ ವಾಲ್ವ್‌ಮನ್‌ಗಿಂತ ಚಲೋ ಇದ್ದಾನ್ರಿ. ನಮ್ಮಾಂವ ತಗ್ಯೂದು ಮರತ ಬಿಡ್ತಾನ" ಎಂದಳು. ಆ ವರ್ಷ ಯಾವ ಪ್ರಶ್ನೆಗೆ ಉತ್ತರ ತಪ್ಪಿದರೂ ಆ ಪ್ರಶ್ನೆಗೆ ಮಾತ್ರ ಇಡೀ ವರ್ಗ ಸರಿಯಾಗಿ ಬರೆಯಿತು.

ಪರೀಕ್ಷೆಗೆ ಬರೆಸುವುದು ಸುಲಭ. ನಮ್ಮ ಚೆನ್ನಕ್ಕನಿಗೆ ಇದನ್ನೇ ಒಪ್ಪಿಸಲು ನಾನು ಪಟ್ಟ ಪಾಡನ್ನು ಹೇಳಬೇಕು.

ಚೆನ್ನಕ್ಕ ನನ್ನ ಯಜಮಾನರ ಹಿರಿಯಕ್ಕ. ಖಾನಾಪುರಕ್ಕೆ ಸೊಸೆಯಾಗಿ ಹೋದವರು. ಮಗ, ಸೊಸೆ, ಎಮ್ಮೆ, ಬರುವವರು ಹೋಗುವವರು ಎಲ್ಲ ಸೇರಿ ತುಂಬಿದ ಮನೆ ಅವರದು. ಅವರ ಪ್ರೀತಿ ಸುರಿಯುವ ಜಾತಿಯದು. ಊಟಕ್ಕೆ ಕುಳಿತಾಗ ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವರ ಮನೆಯಲ್ಲಿ ಹೋಳಿಗೆ ಉಂಡು, ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ನಾನು ಉಸಿರು ಬಿಡಲೂ ಜಾಗವಿಲ್ಲದೆ ಕಿಟಕಿಗೆ ಒರಗಿ ಕುಳಿತಿದ್ದೆ. ನನ್ನ ಯಜಮಾನರು, "ನಮ್ಮಕ್ಕನ ಮನ್ಯಾಗ ಸಾಕು ಅನ್ನೂ ಶಬ್ದ ನಡಿಯೂದಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದರು.

ಆ ಮನೆಯ ಮುಂದೆ ಒಂದು ಹಲಸಿನ ಮರವಿತ್ತು. ಬುಡದಿಂದಲೇ ಕಾಯಿ ಬಿಡುತ್ತಿತ್ತು. ಚೆನ್ನಕ್ಕ ಮದುವೆಯಾಗಿ ಬಂದ ವರ್ಷ ಖಾನಾಪುರದ ಮಳೆಗೆ ಬೇಸತ್ತು, ಓಣಿಯ ಹೆಂಗಸರ ಮರಾಠಿ ಮಾತು ಅರ್ಥವಾಗದೆ, ಬಾಗಿಲ ಹಿಂದೆಯೇ ನಿಲ್ಲುತ್ತಿದ್ದರಂತೆ. ಬೇಸಿಗೆಯಲ್ಲಿ ಹಣ್ಣಾದಾಗ ಅತ್ತೆ ಒಂದು ಬುಟ್ಟಿ ತೊಳೆ ಬಿಡಿಸಿ ಕೊಟ್ಟು, "ಮನಿಮನಿಗೆ ಕೊಟ್ಟ ಬಾ" ಎಂದರಂತೆ. ಕೊಟ್ಟು ಬರುವಷ್ಟರಲ್ಲಿ ಅವರಿಗೆ ಓಣಿಯೆಲ್ಲ ಪರಿಚಯವಾಗಿತ್ತು. ಪಕ್ಕದ ಮನೆಯ ಮುಮ್ತಾಜ್ ಅಂದಿನಿಂದ ಗೆಳತಿ. ಆಮೇಲೆ ಪ್ರತಿ ಬೇಸಿಗೆಯೂ ಕೈಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೊಡುವುದು ಅವರ ಹಬ್ಬವಾಯಿತು. ಬೇಸಿಗೆಯಲ್ಲಿ ನಮ್ಮ ಟಿಳಕವಾಡಿಯ ಮನೆಗೂ ಹಣ್ಣು ಬರುತ್ತಿತ್ತು, ಬಸ್ಸಿನ ಕಂಡಕ್ಟರನಿಗೆ ಅವನ ಪಾಲು ಮೊದಲೇ ಸಂದಿರುತ್ತಿತ್ತು.

ಆ ಮರ ಒಂದು ಮೇ ತಿಂಗಳ ಕೊನೆಗೆ, ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಮನೆಯ ಮೇಲೂ ಬೀಳದೆ, ರಸ್ತೆಯ ಮೇಲೂ ಬೀಳದೆ, ತನ್ನ ಅಂಗಳದಲ್ಲೇ ಅಡ್ಡವಾಗಿ ಮಲಗಿತು. ನಾವು ಸುದ್ದಿ ಕೇಳಿ ಹೋದಾಗ ಜನ ಮಾತಾಡಿಸಲು ಬಂದಿದ್ದರು. ಚೆನ್ನಕ್ಕ ಬಿದ್ದ ಮರದ ಪಕ್ಕದಲ್ಲಿ ಕುಳಿತು, ಅದರಲ್ಲೇ ಇದ್ದ ಹಣ್ಣು ಕೊಯ್ದು, ಬಂದವರಿಗೆಲ್ಲ ಹಂಚುತ್ತಿದ್ದರು. ಅಳುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಒಂದೇ ಮಾತು: "ತಿನ್ರಿ, ಬೀಜ ಇಲ್ಲೇ ಬಿಟ್ಟ ಹೋಗ್ರಿ."

ನನ್ನನ್ನು ಪಕ್ಕಕ್ಕೆ ಕರೆದು, "ನೀಲವ್ವಾ, ಮುಂದಿನ ಬ್ಯಾಸಗಿಗೆ ನಾ ಯಾರಿಗೇನ ಕೊಡ್ಲಿ?" ಎಂದರು. ಅಷ್ಟು ದೊಡ್ಡ ಹೆಂಗಸಿನ ಬಾಯಲ್ಲಿ ಅಷ್ಟು ಸಣ್ಣ ದನಿಯನ್ನು ನಾನು ಕೇಳಿರಲಿಲ್ಲ.

ಹಲಸಿನ ಬೀಜ ಡಬ್ಬಿಯಲ್ಲಿ ಹಾಕಿಟ್ಟು ಕಾಯುವ ಬೀಜವಲ್ಲ, ಒಣಗಿದರೆ ಸತ್ತಂತೆ. ಕೂಡಲೇ ಊರಬೇಕು ಎಂದು ಹೇಳಿದೆ. ಇನ್ನೊಂದು ಮಾತನ್ನೂ ಹೇಳದೆ ಬಿಡುವಂತಿರಲಿಲ್ಲ. "ಬೀಜದಿಂದ ಬಂದ ಗಿಡ ಅದರ ರುಚೀನ ಕೊಡತೈತಿ ಅಂತ ಹೇಳಾಕ ಬರೂದಿಲ್ರಿ ಅಕ್ಕಾರ. ಅದು ಆ ಮರ ಆಗೂದಿಲ್ಲ, ಅದರ ಮಗಳಾಗತೈತಿ."

ಚೆನ್ನಕ್ಕ ಮಡಿಲಲ್ಲಿದ್ದ ಬೀಜಗಳನ್ನು ನೋಡಿದರು. "ಎರಡೂ ಗಂಡ ಹಡದೀನಿ. ಮಗಳಾದ್ರ ಚಲೋನ ಆತಲಾ" ಎಂದರು.

ಬೀಜಗಳು ಮೊಳೆತವು. ಜೂನ್ ಕಳೆಯುವಷ್ಟರಲ್ಲಿ ಫೋನಿನಲ್ಲಿ ದಿನವೂ ಅವುಗಳದೇ ಸುದ್ದಿ: ಒಂದು ಎಲೆ ಬಿಟ್ಟಿತು, ಇನ್ನೊಂದು ಗೇಣುದ್ದವಾಯಿತು, ಮತ್ತೊಂದು ಸ್ವಲ್ಪ ಮೊಂಡ. ನಾನು ನಿಶ್ಚಿಂತಳಾಗಿದ್ದೆ. ಆಗಸ್ಟಿನಲ್ಲಿ ಒಂದು ಬೆಳಗ್ಗೆ ಬಂದ ಫೋನಿನಲ್ಲಿ ದನಿಯೇ ಬೇರೆ ಇತ್ತು.

"ನೀಲವ್ವಾ, ಸಸಿ ಎಲ್ಲಾ ತಲಿ ಹಾಕ್ಯಾವು. ನೀರ ಹಾಕಿದಷ್ಟೂ ಬಾಡಾಕತ್ತಾವು. ಯಾರ ಕಣ್ಣ ಬಿತ್ತೋ ಏನೋ."

"ಎಷ್ಟ ನೀರ ಹಾಕ್ತೀರಿ ಅಕ್ಕಾರ?"

"ಮುಂಜಾನೊಂದ್ಸಲ, ಸಂಜೀಕೊಂದ್ಸಲ. ಬಾಡಿದ್ದ ಕಂಡ್ರ ನಡುವ ಮತ್ತೊಂದ್ಸಲ."

"ಖಾನಾಪುರದಾಗ ಮಳಿ ಇಲ್ಲೇನ್ರಿ?"

"ಮಳಿ ಹಿಡದ ಹೊಡ್ಯಾಕತ್ತಿತ್ತು. ಅದಕ್ಕ ಸಸಿ ಪಡಸಾಲ್ಯಾಗ ಇಟ್ಟೀನಿ. ಪಾಪ, ಮಳಿ ನೀರ ಅವಕ್ಕ ಸಿಗೂದಿಲ್ಲಲಾ, ಅದಕ್ಕ ನಾನ ಹಾಕ್ತೀನಿ."

ಯಜಮಾನರ ಬೈಕಿನ ಹಿಂದೆ ಕುಳಿತು ಅಂದೇ ಹೊರಟೆ. ಅವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ದುಡಿದವರು. ಕರಗಿದ ಕಬ್ಬಿಣ ಹೊಯ್ಯುವ ಅಚ್ಚುಗಳಿಗೆ ಮರಳು ಹದ ಮಾಡುವುದು ಅವರ ಕೆಲಸವಾಗಿತ್ತು. ಮನೆಯಲ್ಲಿ ಚಪಾತಿ ಹಿಟ್ಟನ್ನೂ ಮುಷ್ಟಿಯಲ್ಲಿ ಅದುಮಿ ನೋಡಿ ಅಭಿಪ್ರಾಯ ಕೊಡುವ ಮನುಷ್ಯ.

ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಪಡಸಾಲೆಯ ಅಂಚಿನಲ್ಲಿ ಹಾಲಿನ ಪಾಕೀಟುಗಳ ಸಾಲು. ಒಂದೊಂದರಲ್ಲಿ ಒಂದೊಂದು ಸಸಿ, ಒಂದೊಂದೂ ಪೆಟ್ಟು ತಿಂದವರಂತೆ ಕತ್ತು ಜೋಲು ಹಾಕಿಕೊಂಡಿತ್ತು. ಚೆನ್ನಕ್ಕ ತಂಬಿಗೆ ಹಿಡಿದು ನಿಂತಿದ್ದರು. ನಾನು ಒಂದು ಪಾಕೀಟು ಎತ್ತಿ ತಿರುಗಿಸಿ ನೋಡಿದೆ. ತಳದಲ್ಲಿ ತೂತಿಲ್ಲ.

"ತೂತ ಮಾಡಿಲ್ಲೇನ್ರಿ?"

"ತೂತ ಮಾಡಿದ್ರ ನೀರ ಸೋರಿ ಹೋಗತೈತಲ್ಲ ಮತ್ತ!"

ಯಜಮಾನರು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿದರು. ಬೆರಳ ಸಂದಿಯಿಂದ ನೀರು ಜಿನುಗಿತು. "ಅಕ್ಕಾ, ಇದು ನಮ್ಮ ಮರಳಾಗಿದ್ರ, ಎರಕ ಹೊಯ್ದ ಕೂಡ್ಲೆ ಸಿಡದು ಮಂದಿ ಮಾರಿ ಸುಡತಿತ್ತು" ಎಂದರು. ಚೆನ್ನಕ್ಕ ತಮ್ಮನಿಗೆ, "ನೀ ನಿನ್ನ ಕಬ್ಬಿಣಾ ನೋಡ್ಕೊ" ಎಂದರು.

ಪಾಕೀಟು ಹರಿದು ಒಂದು ಸಸಿಯನ್ನು ಹೊರಗೆ ತೆಗೆದೆ. ಹಳಸಿದ ವಾಸನೆ ಬಂತು. ಬೇರು ಬಿಳಿಯಾಗಿರಬೇಕಾದಲ್ಲಿ ಕಂದಾಗಿತ್ತು, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅಲ್ಲಲ್ಲಿ ಬಿಳಿ ತುದಿಗಳು ಉಳಿದಿದ್ದವು. ಮಧ್ಯಾಹ್ನವೆಲ್ಲ ಅದೇ ಕೆಲಸ: ಕೊಳೆತದ್ದನ್ನು ಆರಿಸಿ ತೆಗೆದು, ಉಳಿಯುವ ಸಸಿಗಳನ್ನು ದಪ್ಪ ಮರಳು ಬೆರೆಸಿದ ಮಣ್ಣಿಗೆ ಹಾಕಿ, ತೂತಿರುವ ಚೀಲಗಳಲ್ಲಿ, ಇಟ್ಟಿಗೆಗಳ ಮೇಲೆ ಎತ್ತರಿಸಿ ನೆರಳಿನಲ್ಲಿಟ್ಟೆವು. ಬೇರು ಕಡಿಮೆಯಿರುವಾಗ ಎಲೆ ಹೆಚ್ಚಿರಬಾರದೆಂದು ಎಲೆಗಳನ್ನೂ ಅರ್ಧರ್ಧ ಕತ್ತರಿಸಿದೆ. ಚೆನ್ನಕ್ಕ ಅದನ್ನು ನೋಡಲಾರದೆ ಒಳಗೆ ಹೋದರು. ಹೊರಡುವಾಗ ನಾನು ಕೊಟ್ಟ ಅಪ್ಪಣೆ ಒಂದೇ. "ನಾ ಹೇಳೂ ಮಟಾ ಒಂದ್ ಹನಿ ನೀರ ಹಾಕಬ್ಯಾಡ್ರಿ."

"ಕೂಸು ಬಾಯಿ ಒಣಗಿಸ್ಕೊಂಡ ಕುಂತಾವು, ನೀರ ಬ್ಯಾಡ ಅಂತೀಯಲ್ಲ!" ಎಂದರು ಚೆನ್ನಕ್ಕ. ನಾನು ವರ್ಗದಲ್ಲಿ ಮಾತಾಡುವ ದನಿಯಲ್ಲಿ ಬೇಡ ಎಂದರೆ ಬೇಡ ಎಂದೆ.

ಮುಂದಿನ ವಾರ ಹೋದೆವು. ಯಜಮಾನರು ಅಭ್ಯಾಸದಂತೆ ಮಣ್ಣು ಹಿಡಿದು ಅದುಮಿ, ನನ್ನ ಕಡೆ ನೋಡಿ ಕಣ್ಣು ಅಗಲಿಸಿದರು. ಅಂಗೈಯೆಲ್ಲ ಒದ್ದೆ. ನಾನು ಚೆನ್ನಕ್ಕನ ಕಡೆ ನೋಡಿದೆ. ಅವರು ಎಮ್ಮೆಯ ಕಡೆ ನೋಡಿದರು.

"ಅಕ್ಕಾರ?"

"ಒಂದೊಂದ್ ಲೋಟ ಅಷ್ಟ."

"ಬ್ಯಾಡ ಅಂದಿದ್ನಲ್ರಿ!"

ಅದುವರೆಗೆ ತಡೆದಿಟ್ಟದ್ದೆಲ್ಲ ಹೊರಬಂತು. "ನೀ ಪುಸ್ತಕದಾಗ ಬೇರ ನೋಡಿದಾಕಿ, ನೀಲವ್ವ. ಅಲ್ಲಿ ಚಿತ್ರದ ಬೇರಿಗೆ ನೀರಡಿಕಿ ಆಗೂದಿಲ್ಲ. ನನ್ನ ಕಣ್ಣ ಮುಂದ ಬಾಡತಾವು. ಬಾಯಿಲ್ಲದ್ದು ಕೇಳಾಕ ಬರೂದಿಲ್ಲಂತ ನಾ ನೋಡ್ಕೋತ ಕುಂದರ್ಲೇನು? ಆ ಮರ ಬಿದ್ದಾಗ ನನಗೇನೂ ಮಾಡಾಕ ಆಗಲಿಲ್ಲ. ಈಗರೆ ಏನಾರ ಮಾಡ್ತೀನಿ ಬಿಡು."

ಆ ಕೊನೆಯ ಮಾತಿನಿಂದ ನನ್ನ ಸಿಟ್ಟು ಅರ್ಧ ಇಳಿಯಿತು. ಇದು ಹೇಳಿ ಒಪ್ಪಿಸುವ ವಿಷಯವಲ್ಲ, ತೋರಿಸಬೇಕು ಎಂದುಕೊಂಡೆ. ವರ್ಗದಲ್ಲೂ ನಾನು ಹಾಗೆಯೇ ಮಾಡುತ್ತಿದ್ದೆ. ಕರ್ಣಕುಂಡಲದ ಹೂಗಿಡದ ಬಿಳಿಯ ಕಾಂಡವನ್ನು ಕೆಂಪು ಶಾಯಿಯ ನೀರಿನಲ್ಲಿಟ್ಟು, ಕಾಂಡದೊಳಗೆ ಕೆಂಪು ಗೆರೆಗಳು ಏರುವುದನ್ನು ಕಾಣಿಸಿದ ಮೇಲೆ ಯಾವ ಹುಡುಗರೂ ನೀರು ಮೇಲೆ ಹೇಗೆ ಹೋಗುತ್ತದೆ ಎಂದು ವಾದ ಮಾಡುತ್ತಿರಲಿಲ್ಲ. ಆದರೆ ಈ ಸಲ ತೋರಿಸಬೇಕಾದದ್ದು ಏರುವ ನೀರನ್ನಲ್ಲ, ಏರದ ನೀರನ್ನು. ಹಲಸಿನ ಒಂದು ಸಸಿಯನ್ನಾದರೂ ಇದಕ್ಕೆ ಬಲಿ ಕೊಡಲು ಚೆನ್ನಕ್ಕ ಒಪ್ಪುತ್ತಿರಲಿಲ್ಲ. ಕೊಡು ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ.

ನಮ್ಮ ಮಾಳಿಗೆಯ ಮೇಲೆ ಟೊಮ್ಯಾಟೊ ಗಿಡಗಳಿದ್ದವು. ಒಂದೇ ಎತ್ತರದ, ಒಂದೇ ಥರದ ಎರಡು ಕುಂಡಗಳನ್ನು ಚೀಲದಲ್ಲಿಟ್ಟುಕೊಂಡು ಬಿಸಿಲು ಬಿದ್ದ ದಿನ ನೋಡಿ ಖಾನಾಪುರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಟೊಮ್ಯಾಟೊ ಗಿಡಗಳನ್ನು ಕೂರಿಸಿಕೊಂಡ ನನ್ನನ್ನು ನೋಡಿ ಪಕ್ಕದ ಅಜ್ಜಿ, "ಖಾನಾಪುರದಾಗ ಟೊಮ್ಯಾಟೊ ಸಿಗೂದಿಲ್ಲೇನ ಬೇ?" ಎಂದು ಕೇಳಿದಳು. ಸಿಗುತ್ತದೆ, ಬುದ್ಧಿ ಸಿಗುವುದಿಲ್ಲ ಎನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಅಂಗಳದ ಬಿಸಿಲಿನಲ್ಲಿ ಒಂದು ಕುಂಡವನ್ನು ಹಾಗೆಯೇ ಇಟ್ಟೆ. ಇನ್ನೊಂದನ್ನು ಬಕೀಟಿನೊಳಗಿಟ್ಟು, ಕುಂಡದ ಮಣ್ಣು ಮುಳುಗುವವರೆಗೆ ನೀರು ತುಂಬಿಸಿದೆ. "ಇವತ್ತ ರಾತ್ರಿ ನಾ ಇಲ್ಲೇ ಇರ್ತೀನ್ರಿ. ನಾಳೆ ನೋಡೂಣು" ಎಂದೆ. ಚೆನ್ನಕ್ಕ ಬಕೀಟಿನ ಗಿಡವನ್ನು ನೋಡಿ, "ಇದರ ನಸೀಬ ಚಲೋ ಐತಿ" ಎಂದರು. ಉಳಿದ ಹೊತ್ತೆಲ್ಲ ನನಗೆ ಊಟ ಹಾಕುವುದರಲ್ಲಿ ಕಳೆದರು.

ಮರುದಿನ ಮಧ್ಯಾಹ್ನ ಚೆನ್ನಕ್ಕನೇ ನನ್ನನ್ನು ಕೂಗಿದರು. ಬಕೀಟಿನ ಹೊರಗಿದ್ದ ಟೊಮ್ಯಾಟೊ ನೆಟ್ಟಗೆ ನಿಂತಿತ್ತು. ಬಕೀಟಿನಲ್ಲಿದ್ದುದು, ಕುತ್ತಿಗೆಯವರೆಗೆ ನೀರಿದ್ದದ್ದು, ಎಲೆ ಜೋಲು ಹಾಕಿ ಬಾಗಿತ್ತು. ಚೆನ್ನಕ್ಕ ಬಕೀಟಿನೊಳಗೆ ಕೈ ಹಾಕಿ ನೀರು ಇದೆಯೇ ಎಂದು ನೋಡಿದರು. ಇತ್ತು. ಮತ್ತೆ ಗಿಡವನ್ನು ನೋಡಿದರು. "ಅಯ್ಯ! ನೀರಾಗ ಕುಂತು ಇದಕ್ಕ ನೀರಡಿಕಿ ಹತ್ತೈತಿ!"

"ಬೇರಿಗೂ ಉಸಿರ ಬೇಕ್ರಿ ಅಕ್ಕಾರ" ಎಂದೆ. "ಮಣ್ಣಿನ ಕಣದ ನಡುವ ಸಂದಿ ಇರ್ತಾವು, ಅದರಾಗ ಗಾಳಿ ಇರತೈತಿ. ಸಂದಿ ತುಂಬ ನೀರ ತುಂಬಿದ್ರ ಗಾಳಿ ಹೊರಗ ಹೋತು. ಉಸಿರ ಕಟ್ಟಿದ ಬೇರು ನೀರಿನ ಬಾಗಲಾ ಹಾಕ್ಕೊಂತೈತಿ. ಮ್ಯಾಲ ಎಲಿ ಬಿಸಲಿಗೆ ನೀರ ಕಳಕೋತ ಇರತೈತಿ, ಕೆಳಗಿಂದ ಬರೂದು ನಿಂತಿರತೈತಿ. ಬಾಡದ ಏನ್ ಮಾಡೀತ್ರಿ? ನೀವು ಬಾಡಿದ್ದ ನೋಡಿ ಮತ್ತ ನೀರ ಹಾಕಿದ್ರಿ. ಹಂಗ ನಾಕ ದಿನ ಆದ್ರ ಬೇರು ಕೊಳೀತೈತಿ."

ಚೆನ್ನಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, "ಅಂದ್ರ ಸತ್ತವು ನನ್ನ ಕೈಯಿಂದ ಸತ್ತವು" ಎಂದರು.

ಹೌದು ಎನ್ನುವುದು ಕ್ರೂರ, ಅಲ್ಲ ಎನ್ನುವುದು ಸುಳ್ಳು. "ಉಳದಾವಲ್ರಿ, ಅವೂ ನಿಮ್ಮ ಕೈಯಾಗನ ಅದಾವು" ಎಂದೆ. ಅವರು ಬಗ್ಗಿ ಬಕೀಟಿನಿಂದ ಟೊಮ್ಯಾಟೊ ಕುಂಡವನ್ನು ಎತ್ತಿ, ನೀರು ಬಸಿದು ಹೋಗುವಂತೆ ಕಲ್ಲಿನ ಮೇಲೆ ಓರೆಯಾಗಿಟ್ಟು, "ಇದರದೇನ ತಪ್ಪ, ಪಾಪ" ಎಂದರು. ಆ ಗಿಡ ಬದುಕಿತು. ಅದರ ಕಾಯಿಗಳ ಸಾರನ್ನು ಆಮೇಲೆ ನಾನೇ ಉಂಡಿದ್ದೇನೆ, ಬೇಡವೆಂದರೂ ಮೂರು ಸಲ ಹಾಕಿಸಿಕೊಂಡು.

ಅಂದಿನಿಂದ ಚೆನ್ನಕ್ಕ ಬದಲಾದರು ಎಂದರೆ ಸಾಲದು. ಹೊಸದಾಗಿ ವ್ರತ ಹಿಡಿದವರ ನಿಷ್ಠೆ ಅವರಿಗೆ ಬಂತು. ಚಳಿಗಾಲಕ್ಕೆ ಸಸಿಗಳಿಗೆ ಹೊಸ ಬೇರು ಬಂದಾಗ ನಾನು ಮುಂದಿನ ಪಾಠ ಹೇಳಿದೆ: ಮಣ್ಣಿನ ಮೇಲ್ಭಾಗ ಒಣಗಿದ ಮೇಲೆಯೇ ನೀರು ಕೊಡಿ, ಕೊಟ್ಟಾಗ ತಳದಿಂದ ಸೋರುವಷ್ಟು ಕೊಡಿ, ಆಮೇಲೆ ಕಾಯಿರಿ. ಸ್ವಲ್ಪ ಒಣಗಿದರೆ ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ಅಷ್ಟೇ ಅಲ್ಲ, ಕೆಳಗೆ ನೀರು ಕಡಿಮೆಯಾಗಿದೆ ಎಂಬ ಸುದ್ದಿಯನ್ನು ಎಲೆಗೂ ಮುಟ್ಟಿಸುತ್ತದೆ. ಎಲೆ ತನ್ನ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚಿಕೊಂಡು ಇದ್ದುದರಲ್ಲೇ ದಿನ ದೂಡುತ್ತದೆ. ಈ ಸುದ್ದಿ ಮುಟ್ಟಿಸುವ ವಿಷಯ ಚೆನ್ನಕ್ಕನಿಗೆ ಬಹಳ ಹಿಡಿಸಿತು. "ಜಾಣ ಸೊಸಿ ಇದ್ದಂಗ. ಡಬ್ಬ್ಯಾಗ ಅಕ್ಕಿ ತಳಾ ಕಾಣೂಕ್ಕಿಂತ ಮೊದ್ಲ ಹೇಳತಾಳ" ಎಂದು ಒಳಗೆ ಅಡುಗೆ ಮಾಡುತ್ತಿದ್ದ ಸೊಸೆಗೆ ಕೇಳುವಂತೆ ಹೇಳಿದರು.

ಈ ನಡುವೆ ನಾನು ಎರಡು ಸಸಿಗಳನ್ನು ಟಿಳಕವಾಡಿಗೆ ತಂದು ಮಾಳಿಗೆಯ ಮೇಲಿಟ್ಟಿದ್ದೆ. ಶಾಸ್ತ್ರ ಬಲ್ಲವಳ ಮನೆಯಲ್ಲಿ ಎರಡಾದರೂ ಇರಲಿ ಎಂದು. ಮಾಳಿಗೆಯ ಸಿಮೆಂಟು ಮಾರ್ಚಿನಲ್ಲಿ ಕಾದ ಹಂಚಿನಂತಾಗುತ್ತದೆ ಎಂಬುದು ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ. ಧಾರವಾಡದಲ್ಲಿ ಒಂದು ಮದುವೆ ಮುಗಿಸಿ ಬರುವಷ್ಟರಲ್ಲಿ ಒಂದು ಸಸಿ ಹಪ್ಪಳವಾಗಿತ್ತು. ಚೆನ್ನಕ್ಕನಿಗೆ ಫೋನಿನಲ್ಲಿ ಹೇಳಿದೆ.

"ನೀರ ಹಾಕಿದ್ದೇನು?"

"ಇಲ್ರಿ."

"ಹಾಕಬೇಕಾಗಿತ್ತ ನೋಡು" ಎಂದರು ಚೆನ್ನಕ್ಕ, ಎಲ್ಲ ತಿಳಿದವರ ಗಾಂಭೀರ್ಯದಲ್ಲಿ. ಆಮೇಲೆ ತಡೆಯಲಾರದೆ ನಕ್ಕರು. ಮರ ಬಿದ್ದ ಮೇಲೆ ಅವರ ಆ ದೊಡ್ಡ ನಗು ನಾನು ಕೇಳಿದ್ದು ಅದೇ ಮೊದಲು. ಒಂದು ಸಸಿಯ ಬೆಲೆಗೆ ಆ ನಗು ದುಬಾರಿ ಅನಿಸಲಿಲ್ಲ.

ಮಳೆಗಾಲ ಶುರುವಾದಾಗ ನೆಟ್ಟೆವು. ಹಳೆಯ ಮರವಿದ್ದ ಜಾಗದ ಹತ್ತಿರವೇ, ತಗ್ಗಿನಲ್ಲಿ ನೀರು ನಿಲ್ಲುತ್ತದೆಂದು ಮಣ್ಣು ಏರಿಸಿ ದಿಬ್ಬ ಮಾಡಿ, ಎಲ್ಲಕ್ಕಿಂತ ಗಟ್ಟಿಯಾದ ಸಸಿಯನ್ನು ಇಟ್ಟೆವು. ಚೀಲವನ್ನು ಚೆನ್ನಕ್ಕ ಇಂಚಿಂಚಾಗಿ ಹರಿದರು. ಬೇರಿನ ತುದಿಯ ಕೂದಲಿನಷ್ಟು ಸಣ್ಣ ಎಳೆಗಳೇ ನೀರು ಕುಡಿಯುವಂಥವು, ಅವು ಹರಿದರೆ ಮತ್ತೆ ಹುಟ್ಟುವವರೆಗೆ ಗಿಡ ಉಪವಾಸ ಎಂದು ನಾನು ಹೇಳಿದ್ದೆ. ಮಣ್ಣಿನ ಮುದ್ದೆ ಒಡೆಯದಂತೆ ಎರಡೂ ಕೈಯಲ್ಲಿ ಎತ್ತಿ, ಬಾಣಂತಿಯ ಕೈಯಿಂದ ಕೂಸು ಇಸಿದುಕೊಂಡವರಂತೆ ಕುಣಿಯೊಳಗೆ ಇಳಿಸಿದರು.

ಉಳಿದವನ್ನು ಓಣಿಯವರಿಗೆ ಹಂಚಿದರು. ಬೇಸಿಗೆಗೆ ಕೊಡಲು ಹಣ್ಣಿಲ್ಲದವರು ಮಳೆಗಾಲಕ್ಕೆ ಸಸಿ ಕೊಟ್ಟರು. ಜತೆಗೆ ಕಟ್ಟಪ್ಪಣೆಯನ್ನೂ. ಸ್ವಲ್ಪ ದಿನಕ್ಕೆ ಮುಮ್ತಾಜ್ ನನಗೆ ಫೋನು ಮಾಡಿ ದೂರಿದಳು: "ನೀಲವ್ವಾರ, ನಿಮ್ಮ ಅಕ್ಕಾರಿಗೆ ಸ್ವಲ್ಪ ಹೇಳ್ರಿ. ನನ್ನ ಅಂಗಳದಾಗಿನ ಗಿಡಕ್ಕ ನನಗ ನೀರ ಹಾಕಾಕ ಬಿಡವಲ್ರು. ಮುಂಜಾನೆದ್ದು ಬಂದು ಮಣ್ಣಾಗ ಬೆರಳ ಹಾಕಿ ನೋಡಿ, ಇವತ್ತ ಬ್ಯಾಡ ಅಂತ ಹೇಳಿ ಹೋಗ್ತಾರ. ಗಿಡ ನಂದೋ ಅವರದೋ?" ಈ ರೋಗ ಎಲ್ಲಿಂದ ಹತ್ತಿತು ಎಂದು ನಾನು ಮುಮ್ತಾಜ್‌ಗೆ ಹೇಳಲಿಲ್ಲ.

ಈ ಬೇಸಿಗೆಯಲ್ಲಿ, ಮೇ ತಿಂಗಳಲ್ಲಿ, ಖಾನಾಪುರಕ್ಕೆ ಹೋಗಿದ್ದೆ. ಗಿಡ ನನ್ನ ಎದೆಯ ಎತ್ತರಕ್ಕೆ ಬಂದಿದೆ ಎಂದು ಕೇಳಿದ್ದೆ. ನೋಡಲೆಂದು ಬಸ್ಸು ಇಳಿದವಳೇ ಅಂಗಳಕ್ಕೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ತುದಿಯ ಎಳೆಯ ಎಲೆಗಳೆಲ್ಲ ಜೋತು ಬಿದ್ದಿದ್ದವು. ಹೊಳಪಿಲ್ಲ, ಬಿಗಿಯಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಕಳೆದುಕೊಳ್ಳುವ ವೇಗಕ್ಕೆ ಬೇರು ಕೊಡುವ ವೇಗ ಸಾಲದು, ಸಂಜೆಗೆ ಎರಡೂ ಸರಿಹೋಗುತ್ತವೆ, ಇದು ಗಿಡದ ದಿನದ ವ್ಯವಹಾರ ಎಂದು ಎಷ್ಟು ಸಲ ಪಾಠ ಮಾಡಿಲ್ಲ ನಾನು! ಒಂದು ಅಕ್ಷರವೂ ನೆನಪಾಗಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಬಕೀಟು ಮುಳುಗಿಸಿದೆ.

ತುಂಬಿದ ಬಕೀಟಿನ ಹಿಡಿಕೆಯ ಮೇಲೆ ಇನ್ನೊಂದು ಕೈ ಬಂತು. ಚೆನ್ನಕ್ಕ.

"ಇಡು ಕೆಳಗ."

"ಅಕ್ಕಾರ, ಬಾಡೇತ್ರಿ."

"ಬಾಡಲಿ. ಮೊನ್ನೆ ಸಂಜೀಕ ಹೊಟ್ಟಿತುಂಬ ಕೊಟ್ಟೀನಿ. ಕೆಳಗ ಹಸಿ ಐತಿ, ನಾ ಕೆದರಿ ನೋಡೀನಿ. ಸಂಜೀತನಾ ತಡಿ."

"ಸತ್ತಗಿತ್ತರೆ?"

"ಸಾಯೂದಿಲ್ಲ. ಅದಕ್ಕ ಅದರ ಬದುಕು ಗೊತ್ತೈತಿ." ನನ್ನ ಕೈಯಿಂದ ಬಕೀಟು ಬಿಡಿಸಿ, ಎಮ್ಮೆಯ ಮುಂದಿಟ್ಟು, ನನ್ನನ್ನು ತೋಳು ಹಿಡಿದು ಮುಮ್ತಾಜಳ ಮನೆಯ ಕಟ್ಟೆಗೆ ಎಳೆದುಕೊಂಡು ಹೋದರು. ಅಲ್ಲಿಂದ ಗಿಡ ನೇರವಾಗಿ ಕಾಣುತ್ತಿತ್ತು.

ಕುಳಿತೆವು. ಮುಮ್ತಾಜ್ ಮಜ್ಜಿಗೆ ತಂದಳು, ಆಮೇಲೆ ಚಹ ತಂದಳು. ಅವರಿಬ್ಬರೂ ಯಾರದೋ ಮನೆಯ ನಿಶ್ಚಯದ ಮಾತಾಡಿದರು. ನಾನು ಕೇಳಿದಂತೆ ಮಾಡಿದೆ. ನನ್ನ ಕಣ್ಣು ಗಿಡದ ಮೇಲೆಯೇ ಇತ್ತು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು, ಗೋಡೆಯಿಂದ ಹಂಚಿಗೆ ಏರಿತು. ಗಿಡದ ಬುಡಕ್ಕೆ ನೆರಳು ಬಂತು. ಎಲೆಗಳು ಹಾಗೆಯೇ ಜೋತಿದ್ದವು. ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ಎಲೆ ಯಾವಾಗ ಎದ್ದಿತೋ ನನಗೆ ಕಾಣಲಿಲ್ಲ. ಚಹದ ಕಪ್ಪು ಕೆಳಗಿಟ್ಟು ತಲೆ ಎತ್ತಿದಾಗ ಅದು ಅಡ್ಡವಾಗಿ ಚಾಚಿಕೊಂಡಿತ್ತು. ಆಮೇಲೆ ಅದರ ಪಕ್ಕದ್ದು. ಯಾರೋ ಒಳಗಿನಿಂದ ಮೆಲ್ಲಗೆ ಎತ್ತುತ್ತಿರುವಂತೆ.

ನನಗೆ ತಡೆಯಲಾಗದೆ, "ಅಕ್ಕಾರ, ನೋಡ್ರಿ, ನೋಡ್ರಿ" ಎಂದು ಎದ್ದು ನಿಂತೆ. ಮುಮ್ತಾಜ್ ಗಾಬರಿಯಾಗಿ, "ಏನಾತ್ರಿ ನೀಲವ್ವಾರ? ಏನ ನೋಡಾಕತ್ತೀರಿ?" ಎಂದಳು.

ಚೆನ್ನಕ್ಕ ನನ್ನ ಸೆರಗು ಹಿಡಿದು ಮತ್ತೆ ಕೂರಿಸಿದರು.

"ಸುಮ್ಮ ಕುಂದರ್ರಿ ಇಬ್ರೂ" ಎಂದರು. "ಅದು ನೀರ ಕುಡ್ಯಾಕತ್ತೈತಿ."